ಟ್ರಾನ್‌ಯೆಲ್ಮ್ ನೆಲಮಾಳಿಗೆಯಲ್ಲಿ ಹೆಚ್ಚಾದ ಪೆಟ್ಟಿಗೆ

2003ರ ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ ಕತ್ರಿನೆಹೋಲ್ಮ್ ಪೊಲೀಸ್ ಠಾಣೆಗೆ ಆಲ್ಸ್ಟಾ ಚರ್ಚಿನ ಪಾದ್ರಿ ಇಂಗೆಲಾ ಬ್ರೂಮಾನ್ ಫೋನು ಮಾಡಿದರು. ಟ್ರಾನ್‌ಯೆಲ್ಮ್ ಮನೆತನದವರ ಶವಪೆಟ್ಟಿಗೆಗಳಿರುವ ನೆಲಮಾಳಿಗೆಗೆ ಯಾರೋ ಹೊಕ್ಕಿದ್ದಾರೆ ಎಂದರು.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ರಾಗ್ನಾರ್ ಹೆಡಿನ್ ಕೇಳಿದ.

"ಏನೂ ಹೋಗಿಲ್ಲ. ಒಂದು ಪೆಟ್ಟಿಗೆ ಜಾಸ್ತಿ ಆಗಿದೆ."

ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಸಿವ್ ನೋರೆನ್‌ಳೊಂದಿಗೆ ರಾಗ್ನಾರ್ ಹತ್ತೂವರೆಗೆ ಆಲ್ಸ್ಟಾ ತಲುಪಿದ. ಅವನ ಅಜ್ಜ ಟ್ರಾನ್‌ಯೆಲ್ಮ್‌ಗಳ ಹೊಲದಲ್ಲಿ ದುಡಿದವನು. ಚರ್ಚಿನ ಮುಂದಿನ ಸಾಲಿನಲ್ಲಿ ಆ ಮನೆಯವರ ಹೊರತು ಯಾರೂ ಕೂರುವಂತಿರಲಿಲ್ಲ ಎಂಬುದನ್ನು ರಾಗ್ನಾರ್ ಚಿಕ್ಕಂದಿನಲ್ಲಿ ಕಂಡಿದ್ದ. ಮುನ್ನೂರು ವರ್ಷದ ಆ ಮನೆತನದ ಕೊನೆಯ ಗಂಡಸು ಬ್ಯಾರನ್ ಕ್ಲಾಸ್ ಹೋದ ವಾರ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಶನಿವಾರ ಅವನ ಪೆಟ್ಟಿಗೆಯ ಮೇಲೆ ಮನೆತನದ ಲಾಂಛನದ ಮರದ ಗುರಾಣಿಯನ್ನು ಒಡೆದು, ವಂಶ ಮುಗಿಯಿತೆಂದು ಸಾರಬೇಕಿತ್ತು. ಆಮೇಲೆ ನೆಲಮಾಳಿಗೆಯ ಬಾಗಿಲಿಗೆ ಗೋಡೆ ಕಟ್ಟುವುದೆಂದು ತೀರ್ಮಾನವಾಗಿತ್ತು.

ಬೀಗ ಮುರಿದಿರಲಿಲ್ಲ. ಮೆಟ್ಟಿಲ ಮೇಲೆ ಮಣ್ಣಿನ ಹೆಂಟೆಗಳು ಬಿದ್ದಿದ್ದವು. ಓಕ್ ಮತ್ತು ತಾಮ್ರದ ಪೆಟ್ಟಿಗೆಗಳ ನಡುವೆ, ಕ್ಲಾಸ್‌ನ ತಾಯಿಯ ಪೆಟ್ಟಿಗೆಗೆ ಒತ್ತಿಕೊಂಡಂತೆ, ತುಕ್ಕು ಹಿಡಿದ ಸಣ್ಣದೊಂದು ತಗಡಿನ ಪೆಟ್ಟಿಗೆ ಇತ್ತು. ಸಿವ್ ಮುಚ್ಚಳ ತೆಗೆದಳು. ಒಳಗೆ ಕಂದಿಹೋದ ಮೇಜುಬಟ್ಟೆ. ಅದರ ಮಡಿಕೆಯಲ್ಲಿ ಹಕ್ಕಿಯವಿರಬಹುದು ಎನ್ನುವಷ್ಟು ಸಣ್ಣ ಮೂಳೆಗಳು.

"ಹಕ್ಕಿ ಅಲ್ಲ ಇದು," ಅಂದಳು ಸಿವ್.

ಪಾದ್ರಿಯ ಎದುರಿಗೆ ಸ್ಥಳ ಪಂಚನಾಮೆ ಆಯಿತು. ಬಟ್ಟೆಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಯ ನೇಯ್ಗೆ ಇತ್ತು. ಗುರಾಣಿಯ ಮೇಲಿದ್ದುದೂ ಅದೇ ಕೊಕ್ಕರೆ.

"ಬೀಗದ ಕೈ ಎಷ್ಟಿವೆ?" ರಾಗ್ನಾರ್ ಪಾದ್ರಿಯನ್ನು ಕೇಳಿದ.

"ಎರಡು. ಒಂದು ನನ್ನ ಹತ್ರ ಇದೆ. ಇನ್ನೊಂದು ಬ್ಯಾರನ್ ಇಟ್ಕೊಂಡಿದ್ರು."

ಬಟ್ಟೆ ಆ ಮನೆಯದಾದರೆ ಪೆಟ್ಟಿಗೆಯೂ ಅಲ್ಲಿಂದಲೇ ಬಂದಿರಬೇಕೆಂದು, ಮಾರನೆಯ ದಿನ ರಾಗ್ನಾರ್ ಮತ್ತು ಸಿವ್ ಟ್ರಾನ್‌ಯೆಲ್ಮ್‌ಗಳ ಹಳೆಯ ಬಂಗಲೆಗೆ ಹೋದರು. ಅದು ಮಾರಾಟವಾಗಿ ವರ್ಷಗಳೇ ಆಗಿದ್ದವು. ಬಟ್ಟೆ ಒಗೆಯುವ ಮನೆಯ ಹಿಂದೆ, ಲೈಲಾಕ್ ಪೊದೆಯ ಬುಡದಲ್ಲಿ ಉದುರೆಲೆಗಳನ್ನು ಯಾರೋ ಒಪ್ಪವಾಗಿ ಹರಡಿದ್ದರು. ಸಿವ್ ಎಲೆ ಸರಿಸಿದಳು. ಕೆಳಗೆ ಹೊಸದಾಗಿ ಅಗೆದು ಮುಚ್ಚಿದ ಗುಂಡಿ. ಮಣ್ಣು ಮೆಟ್ಟಿಲ ಮೇಲಿನ ಮಣ್ಣಿಗೆ ಹೊಂದುತ್ತಿತ್ತು.

ಗುರುವಾರ ವಿಧಿವಿಜ್ಞಾನ ವೈದ್ಯರ ಮಾತು ಬಂತು. ಆಗತಾನೇ ಹುಟ್ಟಿದ ಕೂಸು. ಸತ್ತು ಅರ್ಧ ಶತಮಾನವಾಗಿರಬಹುದು. ಮೂಳೆಗಳಲ್ಲಿ ಪೆಟ್ಟಿನ ಗುರುತಿಲ್ಲ. ಅಂದೇ, ಕ್ಲಾಸ್ ತೀರಿಕೊಂಡ ಆಸ್ಪತ್ರೆಯಲ್ಲಿ ಬೀಗದ ಕೈಗಾಗಿ ವಿಚಾರಿಸಿದಾಗ, ಅವನ ಕೈಚೀಲವನ್ನು ಅವನ ತಂಗಿ ಒಟ್ಟಿಲಿಯಾ ಒಯ್ದಳೆಂದು ತಿಳಿಯಿತು.

ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಒಟ್ಟಿಲಿಯಾ ಒಬ್ಬಳೇ ಇದ್ದಳು. ಅರವತ್ತೆಂಟರ ನೆಟ್ಟನೆಯ ಹೆಂಗಸು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಕಾಫಿ ತಗೊಳ್ಳಿ. ಏಲಕ್ಕಿ ಬನ್ನು ನಿನ್ನೇದು, ಸ್ವಲ್ಪ ಗಟ್ಟಿಯಾಗಿದೆ."

ಬಟ್ಟಲು ಚಾಚಿದ ಅಂಗೈಯಲ್ಲಿ ಬೊಬ್ಬೆಗಳು ಒಡೆದಿದ್ದವು. ರಾಗ್ನಾರ್ ನೋಡಿದ್ದನ್ನು ಅವಳೂ ನೋಡಿದಳು.

"ಗುದ್ದಲಿ ಹಿಡಿದು ಅಭ್ಯಾಸ ಇಲ್ಲ ನನಗೆ," ಅಂದಳು.

"ಮಗು ಯಾರದಮ್ಮಾ?"

"ನಂದು. ಹತ್ತೊಂಬತ್ತು ವರ್ಷ ನನಗಾಗ. ಮದುವೆ ಆಗಿರ್ಲಿಲ್ಲ."

"ತಂದೆ?"

"ಅದು ನಿಮಗೆ ಬೇಕಾ?"

"ಬೇಡ. ಹುಟ್ಟಿದಾಗ ಜೀವ ಇತ್ತಾ?"

"ಒಂದು ಮಧ್ಯಾಹ್ನ ಬದುಕಿದ್ದ. ಉಸಿರು ಕಟ್ತಿತ್ತು. ಡಾಕ್ಟರನ್ನ ಕರೆಸಿ ಅಂತ ಅಮ್ಮ ಅಪ್ಪನ ಕಾಲು ಹಿಡಿದಳು. ಡಾಕ್ಟರು ಬಂದ್ರೆ ಊರಿಗೆಲ್ಲ ಗೊತ್ತಾಗತ್ತೆ ಅಂದ ಅಪ್ಪ."

ಸಿವ್ ಬರೆಯುವುದನ್ನು ನಿಲ್ಲಿಸಿದಳು.

"ಎಲ್ಲಿ ಹೂತಿದ್ದಾರೆ ಅಂತ ಮೊದಲೇ ಗೊತ್ತಿತ್ತಾ?"

"ಇಲ್ಲ. ಅಪ್ಪ ಹೇಳಿದ ಹಾಗೆ ಹೂತಿದ್ದು ಕ್ಲಾಸ್. ಅವನಿಗೂ ಆಗ ಇಪ್ಪತ್ತೊಂದೇ. ಪ್ರತಿ ಕ್ರಿಸ್ಮಸ್‌ಗೂ ಒಂದೇ ಮೇಜಿಗೆ ಕೂತು ಊಟ ಮಾಡಿದೀವಿ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹೋದ ವಾರ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಲೈಲಾಕ್ ಗಿಡದ ಕೆಳಗೆ ಒಟ್ಟಿಲಿಯಾ, ಅಂದ. ಬೀಗದ ಕೈ ಕೊಟ್ಟ. ನಾನು ಮುಖ ತಿರುಗಿಸಿಕೊಂಡೆ. ಬೆಳಗಾಗೋದ್ರೊಳಗೆ ಹೋಗಿಬಿಟ್ಟ."

"ಪಾದ್ರಿಯವರನ್ನ ಕೇಳಬಹುದಿತ್ತಲ್ಲಮ್ಮಾ."

"ಶನಿವಾರ ವಂಶ ಮುಗೀತು ಅಂತ ಗುರಾಣಿ ಒಡೀತಾರೆ. ನಾನು ಅಲ್ಲೇ ಕೂತಿರ್ತೀನಿ, ಆದರೂ ಮುಗೀತು. ಹೆಣ್ಣು ಲೆಕ್ಕಕ್ಕಿಲ್ಲ. ಹೆಣ್ಣಿನ ಮಗ ಎಲ್ಲಿ ಲೆಕ್ಕಕ್ಕೆ ಬರ್ತಾನೆ? ಕೇಳಿದ್ರೆ ಇಲ್ಲ ಅಂತಾರೇನೋ ಅಂತ ಹೆದರಿಕೆ ಆಯ್ತು. ಗೋಡೆ ಎದ್ದ ಮೇಲೆ ನನ್ನ ಕೈಲಿ ಏನಾಗತ್ತೆ? ಅಮ್ಮನ ಪಕ್ಕ ಇಟ್ಟು ಬಂದೆ."

ಗೋರಿಯನ್ನು ಅಗೆದು ಅವಶೇಷ ಸಾಗಿಸಿದ್ದು ಅಪರಾಧವೇ. ಡಾಕ್ಟರನ್ನು ಕರೆಸದವನು ಮಾತ್ರ ಎಂದೋ ಸತ್ತು, ಅದೇ ನೆಲಮಾಳಿಗೆಯಲ್ಲಿ ತಾಮ್ರದ ಪೆಟ್ಟಿಗೆಯಲ್ಲಿ ಮಲಗಿದ್ದ. ರಾಗ್ನಾರ್ ಸರ್ಕಾರಿ ವಕೀಲರಿಗೆ ಫೋನು ಮಾಡಿದ. ಅಣ್ಣನ ಅಂತ್ಯಕ್ರಿಯೆ ಮುಗಿಯುವವರೆಗೆ ಬಂಧನ ಬೇಡ ಎಂದು ಒಪ್ಪಿಸಲು ಬಹಳ ಮಾತು ಬೇಕಾಯಿತು.

ಶನಿವಾರ ಚರ್ಚು ಅರ್ಧ ಖಾಲಿ. ಮುಂದಿನ ಸಾಲಿನಲ್ಲಿ ಒಟ್ಟಿಲಿಯಾ ಒಬ್ಬಳೇ. ಪಾದ್ರಿ ವಂಶದ ಹೆಸರು ಹೇಳಿದರು, ಸುತ್ತಿಗೆ ಬಿತ್ತು. ಹಳೆಯ ಮರ ಮೊದಲ ಏಟಿಗೇ ಸೀಳಿತು. ಒಟ್ಟಿಲಿಯಾ ಅಲುಗಾಡಲಿಲ್ಲ. ಎಲ್ಲರೂ ಹೊರಟ ಮೇಲೆ ತಾನಾಗಿಯೇ ಎದ್ದು ರಾಗ್ನಾರ್‌ನ ಬಳಿ ಬಂದು, ಕೈಗವಸು ತೆಗೆದು ಎರಡೂ ಕೈ ಚಾಚಿದಳು.

"ಕೋಳ ಏನೂ ಬೇಡಮ್ಮಾ," ಅಂದ ಅವನು.

ಮಧ್ಯಾಹ್ನ ಎರಡೂಕಾಲು ಗಂಟೆಗೆ ಬಂಧನವಾಯಿತು. ಕಾರಿನವರೆಗೂ ಇಂಗೆಲಾ ಜತೆಗೆ ಬಂದರು.

"ಗಾರೆಯವನು ಸೋಮವಾರ ಬರ್ತೀನಿ ಅಂದಿದ್ದ. ಬರಬೇಡ ಅಂದೆ," ಎಂದರು ಕಿಟಕಿಗೆ ಬಾಗಿ. "ಪೊಲೀಸರು ಮಗೂನ ಕೊಡಲಿ. ಅಲ್ಲೀವರೆಗೆ ಗೋಡೆ ಏಳಲ್ಲ."

ಒಟ್ಟಿಲಿಯಾ ತಲೆಯಾಡಿಸಿದಳು. ಕಾರು ಊರು ದಾಟಿ, ಉತ್ತ ಹೊಲಗಳ ನಡುವೆ ಬಹುದೂರ ಸಾಗಿತು.

"ತುಂಬಾ ಅತ್ತ ಅವನು," ಅಂದಳು ಆಮೇಲೆ. "ಕೆಲಸದವರಿಗೆ ಕೇಳಿಸತ್ತೆ, ಬಾಯಿಗೆ ಬಟ್ಟೆ ಒತ್ತು ಅಂದ ಅಪ್ಪ. ನಾನು ಒತ್ತಲಿಲ್ಲ. ಆಗೋವಷ್ಟು ಹೊತ್ತು ಅಳಲಿ ಅಂತ ಬಿಟ್ಟೆ. ತಾಯಿ ಅಂತ ನಾನು ಅವನಿಗೆ ಮಾಡಿದ್ದು ಅಷ್ಟೇ."

ಹಿಂದಿನ ಸೀಟಿನಲ್ಲಿ ಪಕ್ಕದಲ್ಲಿದ್ದ ಸಿವ್ ಅವಳ ಒಡೆದ ಅಂಗೈಯನ್ನು ಮೆಲ್ಲನೆ ತನ್ನ ಕೈಗೆ ತೆಗೆದುಕೊಂಡಳು. ರಾಗ್ನಾರ್ ಠಾಣೆಗೆ ಹೋಗುವ ದೂರದ ದಾರಿ ಹಿಡಿದ.