ಐದನೆಯ ಗುಳ್ಳೆ

ಕಾರಿನ ಕಿಟಕಿಗೆ ಕಪ್ಪು ಫಿಲ್ಮನ್ನು ಗಾಜಿನ ಒಳಬದಿಗೇ ಅಂಟಿಸುವುದು. ಧೂಳು ಕೂರದಂತೆ ಬಾಗಿಲು ಹಾಕಿಕೊಂಡು, ಸೋಪುನೀರು ಚಿಮುಕಿಸಿ, ರಬ್ಬರ್ ಪಟ್ಟಿಯಿಂದ ಗುಳ್ಳೆಗಳನ್ನು ಅಂಚಿಗೆ ತಳ್ಳುತ್ತೇನೆ. ನನ್ನ ಕೈಯಲ್ಲಿ ಒಂದು ಗುಳ್ಳೆಯೂ ಉಳಿದದ್ದಿಲ್ಲ. ಆ ಮಧ್ಯಾಹ್ನ ಹಿಂದಿನ ಸೀಟಿನ ಗಾಜಿನಲ್ಲಿ ಐದು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಒತ್ತಿದಷ್ಟೂ ಅಲ್ಲಲ್ಲೇ ಏಳುತ್ತಿದ್ದವು, ಪುಟ್ಟ ಕೈಯ ಬೆರಳತುದಿಗಳ ಹಾಗೆ.

ಕಾರಿನ ಮಾಲೀಕರು ಹೊರಗಿನಿಂದ ಬಗ್ಗಿ ನೋಡಿದರು.

“ನನ್ನ ಮಗಳು. ಇದ್ದಾಗ್ಲೂ ಹೀಗೇ ಹಠ ಮಾಡ್ತಿದ್ಲು. ಜೋರಾಗಿ ಒತ್ತಿ.”

ಮೊಂಡು ಗುಳ್ಳೆಗೆ ಸೂಜಿಯೇ ಮದ್ದು. ಒಂದೊಂದನ್ನು ಚುಚ್ಚಿದಾಗಲೂ ಬೆಚ್ಚನೆಯ ಉಸಿರು ಕೈಗೆ ತಾಗಿತು. ಐದನೆಯದು ಸೂಜಿ ಕಂಡು ಪಕ್ಕಕ್ಕೆ ಸರಿಯಿತು.

“ಬಿಡಬೇಡಿ,” ಎಂದರು.

ನಾನು ಕೆಲಸದಲ್ಲಿ ಕುಂದು ಉಳಿಸುವವನಲ್ಲ. ಹೆಬ್ಬೆರಳಿನಿಂದ ಅದುಮಿ ಹಿಡಿದು ಅದನ್ನೂ ಚುಚ್ಚಿದೆ.