ಮೊದಲ ತುತ್ತು

ನೀಲಾಂಬಿಕೆ ತನ್ನ ಗಂಡ ಚಂದ್ರಯ್ಯನ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದ್ದು ಮದುವೆ ಮಂಟಪದಲ್ಲಿ. ಅವನೂ ನೋಡಿದ. ಅವಳ ಎದೆ ಢವಢವ ಹೊಡೆದುಕೊಂಡಿತು...

ಅಷ್ಟರಲ್ಲಿ ಅತ್ತೆ ದಾಕ್ಷಾಯಣಮ್ಮ ಅವಳ ಕೊರಳಿಗೆ, ತಾಳಿಯ ಪಕ್ಕದಲ್ಲೇ, ಹುಣಸೆಬೀಜದಷ್ಟು ಪುಟ್ಟ ಬೆಳ್ಳಿ ಪದಕವೊಂದನ್ನು ಕಟ್ಟಿದರು. ತೀರಿಹೋದ ಅವನ ಮೊದಲ ಹೆಂಡತಿ ನಂಜಮ್ಮನ ಹೆಸರಿನ ಪದಕ. ಚಂದ್ರಯ್ಯನ ಕಣ್ಣು ಅವಳ ಮುಖದಿಂದ ಪದಕಕ್ಕೆ ಇಳಿಯಿತು, ಅಲ್ಲಿಂದ ನೆಲಕ್ಕೆ. ಮತ್ತೆ ಮೇಲೇಳಲಿಲ್ಲ.

"ಉಣ್ಣೋದು, ಉಡೋದು, ಏನೇ ಆದ್ರೂ ಮೊದ್ಲು ಅವ್ಳಿಗೆ ಮುಟ್ಸು ಕಣವ್ವ. ಆಮ್ಯಾಕೆ ನೀನು" ಎಂದರು ಅತ್ತೆ. ಹಾಗೆ ಮಾಡದಿದ್ದರೆ ಸತ್ತವಳು ನೊಂದುಕೊಳ್ಳುತ್ತಾಳೆಂದು ಅವರ ನಂಬಿಕೆ. ಬದುಕಿರುವವಳ ನೋವಿನ ಲೆಕ್ಕ ಯಾರಿಗಿತ್ತು!

ಹಾಸನದಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡು ಚಂದ್ರಯ್ಯನದು. ೧೯೬೨ರ ಸಂಕ್ರಾಂತಿ ಕಳೆದ ಮೇಲೆ, ಹಳೆಯ ವ್ಯಾನೊಂದರೊಳಗೆ ಮಡಚುವ ಮಂಚ, ಸೀಮೆಎಣ್ಣೆ ಸ್ಟೌವು, ನೀರಿನ ಡ್ರಮ್ಮು ಎಲ್ಲ ಜೋಡಿಸಿ, ಸಮುದ್ರ ನೋಡಿಕೊಂಡು ಬರೋಣ ಎಂದ. ಮದುವೆಯಾಗಿ ಎಂಟು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ನೀಲಾಂಬಿಕೆ ಹಿಗ್ಗಿ ಹೀರೇಕಾಯಿಯಾದಳು.

ಚಕ್ಕುಲಿಯ ಡಬ್ಬ ಕೊಡುತ್ತಾ ಅತ್ತೆ ನಿಟ್ಟುಸಿರಿಟ್ಟರು. ಸಮುದ್ರ ನೋಡಬೇಕೆಂದು ನಂಜಮ್ಮನಿಗೂ ಬಲು ಆಸೆಯಿತ್ತಂತೆ.

'ಹಾಗಾದರೆ ಹೊರಟಿರುವುದು ಅವಳು... ನಾನು ಅವಳನ್ನು ಹೊತ್ತುಕೊಂಡು ಹೋಗುವವಳು ಅಷ್ಟೆ.'

ಘಟ್ಟ ಇಳಿದರು. ಯಾವ ಅವಸರವೂ ಇರಲಿಲ್ಲ. ಮನಸ್ಸು ಬಂದಲ್ಲಿ ವ್ಯಾನು ನಿಲ್ಲಿಸಿ, ತೆಂಗಿನ ನೆರಳಲ್ಲಿ ಅನ್ನ ಬೇಯಿಸಿಕೊಂಡು, ಸಂಜೆ ಮರಳಿನ ಮೇಲೆ ನಡೆದರು. ನಡೆದರು ಎಂದರೆ, ಅವನು ಹತ್ತು ಹೆಜ್ಜೆ ಮುಂದೆ, ಇವಳು ಹಿಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರಿಗೆ ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ.

ಮಂಗಳೂರಿನ ಗೋಳಿಬಜೆ, ಉಡುಪಿಯ ಮಸಾಲೆ ದೋಸೆ, ಬಾಳೆಹಣ್ಣಿನ ಹಲ್ವ... ಒಂದು ಅಂಗಡಿಯನ್ನೂ ಅವನು ಬಿಡಲಿಲ್ಲ. ಬಿಸಿಬಿಸಿಯಾಗಿ ಎಲೆಯಲ್ಲಿ ತಂದು ಅವಳ ಮುಂದಿಡುವನು. ಅವಳು ಒಂದು ಚೂರು ಮುರಿದು ಪದಕಕ್ಕೆ ಮುಟ್ಟಿಸುವಳು. ತಕ್ಷಣ ಅವನು ಎದ್ದು ಟೈರು ನೋಡಲು ಹೋಗಿಬಿಡುವನು. ಇಡೀ ಕರಾವಳಿಯಲ್ಲಿ ಅಷ್ಟು ಉಪಚಾರ ಕಂಡ ಟೈರು ಬೇರೆ ಇರಲಾರದು.

'ಅವಳು ತಿನ್ನಬೇಕಾದದ್ದನ್ನು ನಾನು ತಿನ್ನುವುದು ಇವರಿಗೆ ನೋಡಲಾಗದು' ಎಂದುಕೊಂಡಳು ನೀಲಾಂಬಿಕೆ. ಉಳಿದ ಹಲ್ವವನ್ನು ಎಲೆಯಲ್ಲೇ ಮಡಚಿಟ್ಟಳು. ಅಷ್ಟು ದೊಡ್ಡ ಸಮುದ್ರದ ಎದುರು ತನ್ನವರೆನ್ನುವವರು ಒಬ್ಬರೂ ಇಲ್ಲದಂತೆ ಕೂತು, ಹಳ್ಳಿಮೈಸೂರಿನ ತವರನ್ನು ನೆನೆದಳು. ಹಿಂದಿರುಗುವಾಗ ಹಾಸನದಲ್ಲಿ ನಿಲ್ಲದೆ ನೇರ ಅಲ್ಲಿಗೇ ಹೋಗಿ ಇಳಿದುಬಿಡುವುದೆಂದು ಆರನೆಯ ದಿನ ನಿಶ್ಚಯಿಸಿದಳು.

ಕೊನೆಯ ಬೆಳಗ್ಗೆ ಮರವಂತೆಯಲ್ಲಿದ್ದರು. ರಸ್ತೆಯ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಸಮುದ್ರ. ಅವನು ಹಲ್ವದ ಪೊಟ್ಟಣ ಬಿಚ್ಚಿಟ್ಟ. ಅವಳು ಪದಕಕ್ಕೆ ಮುಟ್ಟಿಸಿದಳು. ಅವನು ಎದ್ದ.

ಈ ಸಲ ಅವಳೂ ಎದ್ದಳು. ಪದಕದ ದಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ನನ್ನ ಹಳ್ಳಿಮೈಸೂರಲ್ಲಿ ಇಳ್ಸಿಬುಡಿ. ಅಕ್ಕನ್ನ ನೀವೇ ಮನೆಗೆ ಕರ್ಕೊಂಡೋಗಿ... ನಾನು ತಿನ್ನೋದು ನಿಮ್ಗೆ ನೋಡಕ್ಕಾಗಲ್ಲ ಅಂತ ನಂಗೊತ್ತು."

ಚಂದ್ರಯ್ಯ ಪದಕದ ಮೇಲೆ ಬೆರಳು ಮಡಚಿದ.

"ನೋಡಕ್ಕಾಗಲ್ಲ, ದಿಟ" ಎಂದ. "ಒಂದೊಂದು ತುತ್ತಿಗೂ ನೀನು ಅಪ್ಪಣೆ ಕೇಳ್ತೀಯಲ್ಲ, ಅದು ನೋಡಕ್ಕಾಗಲ್ಲ."

ಅವಳು ತಲೆಯೆತ್ತಿದಳು.

"ಈ ವ್ಯಾನು ನಿಂಗೆ ಅಂತ್ಲೇ ಕಟ್ದೆ ಕಣೆ, ನೀಲಾ. ನಂಜಮ್ಮ ನಂಗೆ ಮರ್ತೋಯ್ತಾ ಅವ್ಳೆ... ಅದನ್ನ ಯಾರತ್ರ ಯೇಳ್ಲಿ? ಅಷ್ಟು ಭಕ್ತಿಯಿಂದ ಅವ್ಳನ್ನ ಕೊರಳಲ್ಲಿ ಇಟ್ಕೊಂಡಿರೋ ನಿನ್ನತ್ರನಾ?"

ಭಕ್ತಿ! ಅವನ ಮನಸ್ಸು ನೋಯಬಾರದೆಂದು ಅವಳು ಪದಕ ಹೊತ್ತಿದ್ದಳು. ಅವಳಿಗೆ ಬೇಸರವಾಗಬಾರದೆಂದು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ನಡುವೆ ಪಾಪ, ನಂಜಮ್ಮನಿಗೆ ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ.

ನೀಲಾಂಬಿಕೆ ಅಳು ತಡೆಯದೆ ಅತ್ತಳು. ಅವನು ಹಲ್ವದ ದೊಡ್ಡ ತುಂಡು ಮುರಿದು ಅವಳ ಬಾಯಿಯ ಹತ್ತಿರ ಹಿಡಿದ.

"ಅಕ್ಕಂಗೆ...?"

"ಅವ್ಳ ಪಾಲು ಅವ್ಳು ಉಂಡಾಯ್ತು. ನೀನು ಎಂಟು ತಿಂಗ್ಳಿಂದ ಅಸ್ಕೊಂಡಿದ್ದೀಯ."

ಅವಳು ಬಾಯಿ ತೆರೆದಳು. ಆ ಮನೆಗೆ ಬಂದ ಮೇಲೆ ಪದಕಕ್ಕೆ ಮುಟ್ಟಿಸದೆ ಅವಳು ಉಂಡ ಮೊದಲ ತುತ್ತು ಅದು. ಕಣ್ಣೀರು ಸೇರಿ ಹಲ್ವ ಉಪ್ಪುಪ್ಪಾಗಿತ್ತು.

ಆಮೇಲೆ ಅವಳೇ ಪದಕವನ್ನು ತೆಗೆದುಕೊಂಡು ಹೋಗಿ, ವ್ಯಾನಿನ ಮುಂದಿನ ಗಾಜಿನ ಹತ್ತಿರ, ದೇವರ ಪಟದ ಪಕ್ಕದಲ್ಲಿ ಕಟ್ಟಿದಳು.

"ಅಕ್ಕ ಇಲ್ಲಿ ಕೂತ್ಕಳ್ಲಿ. ಸಮುದ್ರ ಚೆನ್ನಾಗಿ ಕಾಣ್ತದೆ."

ಚಂದ್ರಯ್ಯ ಕಣ್ಣೊರೆಸಿಕೊಂಡ.

"ಹಳ್ಳಿಮೈಸೂರಲ್ಲಿ ಇಳೀತೀಯಾ?"

"ಇಳೀತೀನಿ" ಎಂದಳು ಅವಳು. "ನೀವೂ ಇಳೀರಿ. ಅವ್ವ ಒಬ್ಬಟ್ಟು ಮಾಡ್ತಾಳೆ."

ಇಬ್ಬರೂ ಮತ್ತೆ ಮರಳಿಗೆ ಇಳಿದರು. ಅವನು ಎಂದಿನಂತೆ ಹತ್ತು ಹೆಜ್ಜೆ ಮುಂದೆ ಹೋದವನು, ನಿಂತು, ಅವಳು ಬರುವ ತನಕ ಕಾದ.