ಆರೋಗ್ಯವಂತನ ರಕ್ತ

ಕಂಪ್ಯೂಟರ್ ಪರದೆಯ ಮೇಲಿನ ಫಲಿತಾಂಶವನ್ನು ಅವಳು ಮತ್ತೆ ಮತ್ತೆ ನೋಡಿದಳು. ಆರೋಗ್ಯವಂತನೆಂದು ರಕ್ತ ಕೊಟ್ಟವನ ಕೋಶಗಳು ಹೀಗೆ ಕೆರಳುವುದುಂಟೇ?

ಲ್ಯಾಬಿನಲ್ಲಿ ಇಲಿ ಸಾಕುವವರಿಗೆ ಇಲಿಯದೇ ಅಲರ್ಜಿ ಏಕೆ ಅಂಟಿಕೊಳ್ಳುತ್ತದೆ ಎಂಬುದು ಅವಳ ಸಂಶೋಧನೆ. ರಕ್ತದಲ್ಲಿರುವ ಎಳೆಯ ಸಹಾಯಕ ಟಿ ಕೋಶ ಎಂಬ ರೋಗನಿರೋಧಕ ಕೋಶ ಮುಂದೆ ಏನಾಗಬೇಕೆಂದು ತೀರ್ಮಾನಿಸುವುದು ಅದರೊಳಗಿನ ಕೆಲವು ಪ್ರೋಟೀನುಗಳು. ಯಾವ ಜೀನ್ ಚಾಲೂ ಆಗಬೇಕೆಂದು ಅವೇ ಹೇಳುತ್ತವೆ. ಅವುಗಳಲ್ಲಿ ಟಿ-ಬೆಟ್ ಎಂಬ ಪ್ರೋಟೀನು ಮೇಲುಗೈ ಪಡೆದರೆ ಕೋಶ ರೋಗಾಣುಗಳ ಮೇಲೆ ಬೀಳುತ್ತದೆ. ಗಾಟಾ-3 ಎಂಬುದು ಗೆದ್ದರೆ ಬಡಪಾಯಿ ಧೂಳನ್ನೂ ಶತ್ರುವೆಂದು ತಿಳಿದು ಮೂಗು, ಕಣ್ಣು, ಉಸಿರಿಗೆಲ್ಲ ಕಾಟ ಕೊಡುತ್ತದೆ. ಇಲಿಯ ಧೂಳು ಸೋಕಿದಾಗ ಆರೋಗ್ಯವಂತರ ಕೋಶಗಳು ತಣ್ಣಗಿರಬೇಕು. ಆದರೆ ಆರೋಗ್ಯವಂತನೆಂದು ರಕ್ತ ಕೊಟ್ಟಿದ್ದ ಉದ್ದಪ್ಪನ ಕೋಶಗಳಲ್ಲಿ ಗಾಟಾ-3 ರೋಗಿಗಳದ್ದನ್ನೂ ಮೀರಿಸಿತ್ತು!

ಉದ್ದಪ್ಪ ಪಕ್ಕದ ಮೇಜಿನ ಸಂಶೋಧಕ. ಅವನ ಎತ್ತರ ನೋಡಿ ಅವಳೇ ಇಟ್ಟ ಹೆಸರು. ಇಲಿ ಕೋಣೆಯಲ್ಲಿ ದಿನವೂ ಅವಳ ಜೊತೆ ಪಂಜರ ಬದಲಿಸುತ್ತಾನೆ, ತಮಾಷೆ ಮಾಡುತ್ತಾನೆ. ಆದರೆ ಅವಳು ತೀರಾ ಹತ್ತಿರ ಬಂದರೆ ಸಾಕು, ಮುಖ ಆಚೆ ತಿರುಗಿಸುತ್ತಾನೆ. ಅದೊಂದು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಕಾರಿಡಾರಿನಲ್ಲಿ ಅವನನ್ನು ತಡೆದಳು. "ಯಾರ ರಕ್ತ ಕೊಟ್ಟೆಯೋ ನೀನು?"

"ನೀನೇ ಪಕ್ಕದಲ್ಲಿ ನಿಂತು ತೆಗೆಸಿದ್ದಲ್ವಾ? 'ಅಮ್ಮಾ' ಅಂತ ಕಿರುಚಿದ್ದಕ್ಕೆ ಎಷ್ಟು ನಕ್ಕೆ!"

"ನಿನಗೆ ಇಲಿ ಅಲರ್ಜಿ ಇದೆ."

ಅವನ ಮುಖ ಸಪ್ಪಗಾಯಿತು. ಕೈ ತಾನಾಗಿಯೇ ಕೋಟಿನ ಜೇಬನ್ನು ಮುಚ್ಚಿಕೊಂಡಿತು. ಅವಳು ಬಿಡಲಿಲ್ಲ, ಕೈ ಸರಿಸಿ ಜೇಬಿನಲ್ಲಿದ್ದುದನ್ನು ಹೊರಗೆಳೆದಳು. ಅಲರ್ಜಿ ಮಾತ್ರೆ. ಜೊತೆಗೆ ಇನ್‌ಹೇಲರ್.

"ಇದು ಯಾವಾಗಿಂದ?"

"ಹೋದ ತಿಂಗಳಿಂದ. ಮೊದಲು ಬರೀ ಸೀನು ಬರ್ತಿತ್ತು..."

"ಮಾತ್ರೆ ಸೀನನ್ನ ತಡೆಯುತ್ತೆ ಅಷ್ಟೇ ಕಣೋ! ಒಳಗೆ ಆ ಕೋಶಗಳು ಹೆಚ್ತಾನೇ ಇರ್ತವೆ. ಒಂದಿನ ಉಸಿರೇ ಕಟ್ಟಿಹೋದ್ರೆ? ನಿನ್ನ ಕೆಲಸ ಇರೋದು ಕಂಪ್ಯೂಟರ್ ಮುಂದೆ. ಇಲಿ ಕೋಣೆಗೆ ಬಾ ಅಂತ ಯಾರು ಕರೆದ್ರು ನಿನ್ನ?"

ಅವನು ತನ್ನ ಬೂಟುಗಳನ್ನೇ ನೋಡುತ್ತ ನಿಂತ. ಕಿವಿಗಳು ಕೆಂಪಾಗಿದ್ದವು.

"ಅಲ್ಲಿ ನೀನಿರ್ತೀಯಲ್ಲ."

ಹೊಡೆಯಬೇಕೋ, ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ನನ್ನ ಡೇಟಾ ಎಲ್ಲ ಹಾಳು ಮಾಡಿದೆ," ಎಂದಷ್ಟೇ ಹೇಳಿ, ಕಣ್ಣು ತುಂಬಿಕೊಂಡು ಅವನ ತೋಳು ಹಿಡಿದಳು. ಅವನು ಥಟ್ಟನೆ ಮುಖ ತಿರುಗಿಸಿ ಕೆಮ್ಮಿದ. ಎದೆಯಿಂದ ಸುಯ್ ಸುಯ್ ಎಂಬ ಸದ್ದು ಬಂತು.

ಅವಳು ಬೆಚ್ಚಿ ಹಿಂದೆ ಸರಿದಳು. ಅವಳ ತೋಳಿನ ಮೇಲೆ, ಕೂದಲಲ್ಲಿ ಅದೇ ಇಲಿ ಧೂಳು! ಅವನಿಗೆ ತನ್ನನ್ನು ಕಂಡರೆ ಆಗದು ಎಂದುಕೊಂಡಿದ್ದಳಲ್ಲ, ಇಷ್ಟು ದಿನ ತಾನೇ ಅವನ ಉಸಿರು ಕಟ್ಟಿಸುತ್ತಿದ್ದಳು.

"ಇನ್ನು ಆ ಕೋಣೆ ಬಾಗಿಲು ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ದೂರದಿಂದಲೇ. "ಮೊದಲು ಡಾಕ್ಟರ ಹತ್ರ ಹೋಗು. ಸಂಜೆ ಗೇಟಿನ ಹೊರಗೆ ಕಾಯ್ತಿರು."

ಸಂಜೆ ಅವನು ಬೆಂಚಿನ ಮೇಲೆ ಕುಳಿತಿದ್ದ. ಅವಳು ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಂದು ದೂರದಲ್ಲೇ ನಿಂತಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಈಗ ಹತ್ತಿರ ಬರ್ಲಾ?"

"ಬಾ."

ಪಕ್ಕದಲ್ಲಿ ಕುಳಿತು ಅವನ ಭುಜಕ್ಕೆ ತಲೆಯಾನಿಸಿ ಉಸಿರು ಬಿಗಿಹಿಡಿದಳು. ಅವನು ನಿಧಾನವಾಗಿ, ಎದೆ ತುಂಬ ಉಸಿರೆಳೆದುಕೊಂಡ. ಸೀನು ಬರಲಿಲ್ಲ.

"ಏನೂ ಆಗ್ತಿಲ್ಲ ತಾನೆ?" ಎಂದು ಗಾಬರಿಯಿಂದ ತಲೆಯೆತ್ತಿದಳು.

ಅವನು ಮುಖ ತಿರುಗಿಸದೆ ಅವಳನ್ನೇ ನೋಡುತ್ತಿದ್ದ.